ಗುರುತಿನೊಳಗಿಂದ ಎದ್ದ ನೊರೆ

ಹಿಂಗಾರಿ ಜೋಳ ಹಾಲುಗಟ್ಟಿ ಸೀತನಿಗೆ ಬಂದಿರುವ ದಿನಗಳು. ಕುಂದಗೋಳದ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೆಳಗಿನ ಆರಕ್ಕೇ ರಜಿಯಾಬೇಗಂ ಸಾಬೂನಿನ ನೊರೆ ಕಲಸುತ್ತಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಗ್ಯಾಸ್ ಒಲೆ ರಿಪೇರಿ ಅವರ ಕಸುಬು. ಇವತ್ತು ಮುಂದಿರುವುದು ಮಾತ್ರ ತುಕ್ಕು ಹಿಡಿದ, ಗ್ಯಾಸಿನಿಂದ ಉರಿಯುವ ಹಳೆಯ ಬಾರ್ಬೆಕ್ಯೂ ಗ್ರಿಲ್.

ತಂದವರು ಖಾನಾವಳಿಯ ಗೌರೀಶ. ಮುಚ್ಚಿದ ರೆಸಾರ್ಟೊಂದರ ಗುಜರಿಯಲ್ಲಿ ಕೊಂಡದ್ದು. ಅದರ ಮೇಲೆ ಸೀತನಿಯ ಎಳೆ ತೆನೆ, ಬದನೆಕಾಯಿ ಸುಡುವ ಆಸೆ. ಬಾಜುವಿನಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಕಣ್ಣು ರಜಿಯಾರ ಕೈ ಬಿಟ್ಟು ಕದಲದು.

"ಚಾ ಕುಡದ ಬರ್ರಿ ಅಣ್ಣಾರ, ನಾ ಎಲ್ಲೂ ಓಡಿ ಹೋಗೂದಿಲ್ಲ."

"ಇರಲಿ ಬಿಡಕ್ಕ, ನಾನೂ ಒಂದಿಷ್ಟು ಕಲಕೋತೇನಿ."

ಕಲಿಯುವವರು ಹೀಗೆ ಕೂರುವುದಿಲ್ಲವೆಂದು ರಜಿಯಾರಿಗೆ ಗೊತ್ತು. ಒಲೆಯ ಹಿತ್ತಾಳೆ ವಾಲ್ವು ಕಳಚಿಕೊಂಡು ಅಗ್ಗದ್ದು ಕೂರಿಸುತ್ತಾಳೆ ಎಂದು ಹೋದ ವರ್ಷ ಯಾರೋ ಹಬ್ಬಿಸಿದ ಮಾತು ಊರಲ್ಲಿ ಇನ್ನೂ ಆರಿಲ್ಲ. ದಿನಕ್ಕೆ ಐದಾರು ಬರುತ್ತಿದ್ದ ಒಲೆ ಈಗ ಎರಡು ಬಂದರೆ ಹೆಚ್ಚು. ಇನ್ನೊಂದು ಮಾತೆದ್ದರೆ ಶೆಡ್ಡಿಗೆ ಬೀಗವೇ.

"ನಾನೂ ಸಂಶಯದಾಕೀನರಿ," ಎನ್ನುತ್ತಾರೆ, ಬರ್ನರ್ ಕೊಳವೆಯಿಂದ ಜೇಡರ ಬಲೆ ಎಳೆಯುತ್ತ. "ಆದ್ರ ಮಂದಿ ಮ್ಯಾಲಲ್ಲ, ಗ್ಯಾಸಿನ ಮ್ಯಾಲ."

ಪೈಪು ಜೋಡಿಸಿ ಸಿಲಿಂಡರ್ ತೆರೆದು ಜೋಡಣೆಗೆಲ್ಲ ನೊರೆ ಸವರುತ್ತಾರೆ. ಒಂದು ಕಡೆ ಗುಳ್ಳೆ ಏಳುತ್ತದೆ. ಬಿಗಿದರೂ ಏಳುತ್ತದೆ. ಸಿಲಿಂಡರ್ ಮುಚ್ಚಿ ಪೈಪು ಕಳಚಿದರೆ, ಹಿತ್ತಾಳೆ ವಾಲ್ವಿನ ಬಾಯಂಚಿನ ಮೇಲೆ ಚಾಕುವಿನಿಂದ ಗೀಚಿದ ಹೊಸ ಅಕ್ಷರ: ಗೌ.

ಗೌರೀಶರ ಮುಖ ಕಪ್ಪಿಡುತ್ತದೆ. "ಅದು... ಗುರುತಿಗೆ ಅಂತ..."

"ಗುರುತ ಹಾಕೂದ ಹಾಕಿದ್ರಿ, ಪೈಪ್ ಕೂಡ್ರೂ ಜಾಗಾನ ಬೇಕಿತ್ತೇನ್ರಿ? ನಿಮ್ಮ ಹೆಸರಾಗಿಂದ ಗ್ಯಾಸ್ ಸೋರಾಕತ್ತೈತಿ!"

ಅಕ್ಷರ ಅಳಿಸದೆ ಸೋರಿಕೆ ನಿಲ್ಲದು. ಅಳಿಸಿದರೆ ಗುರುತು ಉಳಿಯದು. ರಜಿಯಾ ಪಾಲಿಶ್ ಕಾಗದವನ್ನು ಗೌರೀಶರ ಕೈಗೇ ಇಡುತ್ತಾರೆ. "ನೀವ ತಿಕ್ರಿ. ನಾ ತಿಕ್ಕಿದ್ರ ನಾಳಿ ಮಾಲು ಬದಲಾತು ಅಂತೀರಿ."

ತಲೆ ತಗ್ಗಿಸಿ ಅರ್ಧ ತಾಸು ತಿಕ್ಕುತ್ತಾರೆ ಗೌರೀಶ. ಮತ್ತೆ ಸವರಿದ ನೊರೆ ಈಗ ಅಲುಗದು. ಗ್ರಿಲ್ಲಿನ ಉದ್ದಕ್ಕೂ ನೀಲಿ ಉರಿ ಓಡುತ್ತದೆ. ಕೂಲಿ ಕೊಡುತ್ತಾರೆ, ತಪ್ಪಾಯಿತೆಂಬ ಒಂದು ಮಾತು ಮಾತ್ರ ಬಾಕಿ ಉಳಿಯುತ್ತದೆ.

ನಾಲ್ಕನೆಯ ದಿನ ಗೌರೀಶರೇ ಮನೆಯ ಒಲೆ ತಂದಿಡುತ್ತಾರೆ. "ಸಂಜಿಕ ಬರತೇನಿ ಅಕ್ಕ," ಎಂದವರೇ ಸ್ಟೂಲಿನ ಕಡೆ ನೋಡದೆ ಹೊರಡುತ್ತಾರೆ.

ರಜಿಯಾ ಎಲ್ಲಕ್ಕಿಂತ ಮೊದಲು ಒಲೆಯ ಹಿತ್ತಾಳೆ ವಾಲ್ವನ್ನು ಕಳಚಿ, ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡುತ್ತಾರೆ. ಗುರುತಿನ ಒಂದು ಗೀರೂ ಇಲ್ಲ.

"ನನ್ನ ಸಂಶಯಾನೂ ಲಗೂನ ಹೋಗೂದಿಲ್ಲ ನೋಡ್ರಿ," ಎಂದು ಖಾಲಿ ಸ್ಟೂಲಿಗೆ ಹೇಳಿ ನಗುತ್ತಾರೆ. "ಇರಲಿ, ಆ ಮಾತಿನ ಬಾಕಿ ಮುಟ್ಟಿತು."