ಹದ್ದು ಇದ್ದ ಪೆಟ್ಟಿಗೆ

ಇಂಥದೊಂದು ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಂಬದಿರುವುದಷ್ಟೇ ಅಲ್ಲ, ಎದುರಿಗೇ ನಾಲ್ಕು ಪ್ರಶ್ನೆ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರಾಗಿದ್ದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ವಾಪಸು ಕಳಿಸುವುದೇ ನನ್ನ ಕೆಲಸ. ನಿವೃತ್ತಿಯಾದ ಮೇಲೆ ಹಕ್ಕಿ ನೋಡುವ ಹುಚ್ಚು ಹತ್ತಿತು. ಅಲ್ಲಿಯೂ ಅದೇ ಬುದ್ಧಿ. ಜೊತೆಯವರು ಕೆರೆಯಾಚೆ ಬೇಟೆಹಕ್ಕಿ ಡೇಗೆ ಕಂಡೆ ಎಂದರೆ, ಬಾಲ ಹೇಗಿತ್ತು, ಬಿಸಿಲು ಯಾವ ಕಡೆಗಿತ್ತು ಎಂದು ಕೇಳಿ ಕೇಳಿ, ಕೊನೆಗೆ ಅವರೇ "ಪಾರಿವಾಳ ಇರಬೇಕು ಬಿಡ್ರಿ" ಅನ್ನುವವರೆಗೆ ಬಿಡುತ್ತಿರಲಿಲ್ಲ.

ಸಂಕ್ರಾಂತಿ ಬಂದರೆ ನಮ್ಮ ಊರಿನ ಆಕಾಶದ ತುಂಬ ಗಾಳಿಪಟ. ಹಬ್ಬ ಮುಗಿದ ಮೇಲೂ ಮಾಂಜಾ ದಾರ ಮರಗಳಲ್ಲಿ, ತಂತಿಗಳಲ್ಲಿ ತೂಗಾಡುತ್ತಿರುತ್ತದೆ. ಗಾಜಿನ ಪುಡಿ ಹಚ್ಚಿದ ಆ ದಾರಕ್ಕೆ ಸಿಕ್ಕು ಹಕ್ಕಿಗಳ ರೆಕ್ಕೆ ಕೊಯ್ದುಹೋಗುತ್ತದೆ. ಅಂಥವನ್ನು ಎತ್ತಿಕೊಂಡು ಚಿಕಿತ್ಸೆಗೆ ಮುಟ್ಟಿಸುವ ಸ್ವಯಂಸೇವಕರ ಗುಂಪೊಂದಿದೆ. ಲಿಂಗಂಪಲ್ಲಿಯಿಂದ ಕೂಕಟ್‌ಪಲ್ಲಿಯವರೆಗೆ ಎಲ್ಲಿ ಕರೆ ಬಂದರೂ ಹೋಗುವುದು ನನ್ನ ಪಾಲು.

ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿ ಕಳೆದು ಮೂರೋ ನಾಲ್ಕೋ ದಿನಕ್ಕೆ ಕೂಕಟ್‌ಪಲ್ಲಿಯ ಒಂದು ಫ್ಲಾಟಿನಿಂದ ಫೋನು ಬಂತು. ಹೆಂಗಸಿನ ದನಿ. ಮೊದಲು ಹಿಂದಿಯಲ್ಲಿ ಮಾತಾಡಿದರು, ನನ್ನ ಹೆಸರು ಕೇಳಿದ ಮೇಲೆ ಕನ್ನಡಕ್ಕೆ ಹೊರಳಿದರು. "ನಮ್ಮ ಕಡೆಯವರೇ ಏನ್ರಿ? ಭಾಳ ಚಲೋ ಆತು. ಲಗೂನ ಬರ್ರಿ, ರಕ್ತ ನಿಲ್ಲಾಕತ್ತಿಲ್ಲ."

ಅವರು ಶಾಂತಾಬಾಯಿ, ಬೀದರ ಕಡೆಯವರು. ಮೂರನೆಯ ಮಹಡಿಯ ಮನೆ. ಬಾಲ್ಕನಿಯ ಬಾಗಿಲಿಗೆ ತಾಗಿಸಿ ಒಂದು ಮಂಚ, ಅದರ ಮೇಲೆ ಅವರ ಯಜಮಾನರು ಮಾಣಿಕರಾವ್. ಅವರೂ ನನ್ನ ಹಾಗೆ ಸರಕಾರಿ ಕಾರ್ಖಾನೆಯಿಂದ ನಿವೃತ್ತರಾದವರೇ. ಪಾರ್ಶ್ವವಾಯು ಬಡಿದು ಹನ್ನೊಂದು ತಿಂಗಳಾಗಿತ್ತು. ಮಾತು ಪೂರ್ತಿ ನಿಂತಿತ್ತು.

ಬಾಲ್ಕನಿಯ ಮೂಲೆಯಲ್ಲಿ ಹದ್ದು ಕೂತಿತ್ತು. ಎಡರೆಕ್ಕೆ ಜೋತುಬಿದ್ದಿತ್ತು, ದಾರ ಎಲುಬಿನವರೆಗೆ ಇಳಿದಿತ್ತು. ಶಾಂತಾಬಾಯಿ ಗಾಯದ ಮೇಲೆ ಅರಿಶಿನ ಮೆತ್ತಿದ್ದರು. ಟವೆಲ್ಲು ಹಾಕಿ ಹಿಡಿದು, ದಾರ ಕತ್ತರಿಸಿ, ಟವೆಲ್ಲಿನ ಸಮೇತ ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆ. ಮೇಲೆ ಕೆಳಗೆ ಅಗಲ ಟೇಪು ಸುತ್ತಿದೆ. ಗಾಳಿಗೆಂದು ಬೆರಳು ತೂರುವಷ್ಟು ಆರು ತೂತು ಮಾಡಿದೆ.

ಹೊರಡುವಾಗ ಶಾಂತಾಬಾಯಿ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು: "ದಿನಾ ಮಧ್ಯಾಹ್ನ ಬಂದು ಬಾಲ್ಕನಿ ಕಟಾಂಜನದ ಮ್ಯಾಲೆ ಕುಂಡರ್ತಿತ್ರಿ. ಇವರು ಬೆರಳು ಎತ್ತಿ ತೋರಸ್ತಿದ್ರು. ಇಡೀ ದಿನದಾಗ ಅದೊಂದ ಬೆರಳು ಆಡತಿತ್ತು. ಇದು ಉಳದ್ರ ಇವರೂ ಉಳೀತಾರ ಅಂತ ನನ್ನ ತಲ್ಯಾಗ ಹೊಕ್ಕೈತ್ರಿ. ನಗಬ್ಯಾಡ್ರಿ."

"ಉಳೀತೈತಿ, ಚಿಂತಿ ಮಾಡಬ್ಯಾಡ್ರಿ" ಎಂದೆ. ಅಷ್ಟು ಆಳದ ಗಾಯವಾದ ಹದ್ದುಗಳಲ್ಲಿ ಉಳಿಯುವುದು ಕಡಿಮೆ ಎಂದು ನನಗೆ ಗೊತ್ತಿತ್ತು.

ಚಿಕಿತ್ಸೆ ಕೊಡುವ ಜಾಗ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿತ್ತು. ರಸ್ತೆಯ ಟ್ರಾಫಿಕ್ಕಿಗೆ ಹೆದರಿ ಲೋಕಲ್ ಟ್ರೈನು ಹತ್ತಿದೆ. ಪೆಟ್ಟಿಗೆ ನನ್ನ ತೊಡೆಯ ಮೇಲೆಯೇ ಇತ್ತು, ಎರಡೂ ಕೈ ಅದರ ಮೇಲೆ. ಒಳಗೆ ಉಗುರಿನಿಂದ ಕೆರೆಯುವ ಸದ್ದು. ಎದುರು ಕೂತಿದ್ದ ಟೋಪಿಯ ಮುದುಕರು ಕುತೂಹಲದಿಂದ ಬಗ್ಗಿ ತೂತಿನಲ್ಲಿ ನೋಡಿ, "ಅರೇ, ಚೀಲ್ ಹೈ! ಗುಸ್ಸೆ ಮೇ ದೇಖ್ ರೈ" ಎಂದು, ಹದ್ದಿನ ಸಿಟ್ಟಿನ ನೋಟಕ್ಕೆ ಬೆದರಿ ಥಟ್ಟನೆ ಹಿಂದಕ್ಕೆ ಸರಿದರು. ಪಕ್ಕದವರೆಲ್ಲ ನಕ್ಕರು. ನಾನು ಗಡಿಯಾರ ನೋಡಿಕೊಂಡೆ, ಹನ್ನೆರಡೂ ಹತ್ತು. ಒಂದು ಗಂಟೆಗೆ ಡಾಕ್ಟರು ಊಟಕ್ಕೆ ಎದ್ದುಬಿಟ್ಟರೆ ಎಂಬ ಆತಂಕ ನನಗೆ.

ಇನ್ನೆರಡು ಸ್ಟೇಷನ್ ಇರುವಾಗ ಕೆರೆಯುವ ಸದ್ದು ನಿಂತಿತು. ಸತ್ತಿತೇನೋ ಎಂದುಕೊಂಡೆ. ತೆರೆದು ನೋಡಬಾರದು, ಬೆಳಕು ಕಂಡರೆ ಗಾಬರಿಯಲ್ಲೇ ಪ್ರಾಣ ಬಿಡುತ್ತವೆ. ಕಿವಿ ಹಚ್ಚಿದೆ, ಏನೂ ಕೇಳಿಸಲಿಲ್ಲ. ಇಳಿದವನು ಓಡಿದೆನೆಂದೇ ಹೇಳಬೇಕು. ಆ ಓಟದಲ್ಲಿ ಪೆಟ್ಟಿಗೆ ಭಾರವಿತ್ತೋ ಹಗುರವಿತ್ತೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಕೈಗವಸು ಹಾಕಿಕೊಂಡು ನನ್ನೆದುರಿಗೇ ಟೇಪು ಕತ್ತರಿಸಿ ಮುಚ್ಚಳ ಸರಿಸಿದಳು. ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಅಂಕುಲ್, ಗದ್ದ ಏದಿ?" ಹದ್ದು ಎಲ್ಲಿ ಎಂದು ಕೇಳಿದಳು.

ಪೆಟ್ಟಿಗೆಯಲ್ಲಿ ಟವೆಲ್ಲು ಇತ್ತು. ಅದರ ಮೇಲೆ ಒಂದು ರಕ್ತದ ಕಲೆ, ಸ್ವಲ್ಪ ಅರಿಶಿನ. ಹದ್ದು ಇರಲಿಲ್ಲ.

ತಳ ತಿರುಗಿಸಿ ನೋಡಿದೆ, ಟೇಪು ಹಾಗೇ ಇತ್ತು. ಆರು ತೂತುಗಳೂ ಬೆರಳಿಗಿಂತ ಅಗಲವಾಗಿರಲಿಲ್ಲ. ಡಾಕ್ಟರು ಕುರ್ಚಿ ಕೊಟ್ಟು, ನೀರು ಕೊಟ್ಟು, ಬಹಳ ಮೃದುವಾಗಿ ಕೇಳಿದಳು: "ಅಂಕುಲ್, ಒಬ್ಬರೇ ಬಂದಿರಾ? ಮನೆಯ ನಂಬರು ಕೊಡುತ್ತೀರಾ?" ನನ್ನ ತಲೆ ಸರಿಯಿಲ್ಲ ಎಂದು ಆಕೆ ತಿಳಿದಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ತಿಳಿಯುತ್ತಿದ್ದೆ.

ಐದು ಗಂಟೆಗೆ ಶಾಂತಾಬಾಯಿ ಫೋನು ಮಾಡಿದರು. "ಹ್ಯಾಂಗೈತ್ರಿ?"

ನಿಜ ಹೇಳಲು ಬಾಯಿ ತೆರೆದೆ. ಮಾಣಿಕರಾಯರ ಆ ಒಂದು ಬೆರಳು ನೆನಪಾಯಿತು. "ಹೊಲಿಗಿ ಹಾಕ್ಯಾರ್ರಿ, ಆರಾಮೈತಿ" ಎಂದುಬಿಟ್ಟೆ. "ಹೌದ್ರಿ?" ಎಂದು ಆಕೆ ಫೋನು ಇಟ್ಟುಬಿಟ್ಟರು.

ಮರುದಿನವೂ ಐದಕ್ಕೆ ಫೋನು. "ಮಾಂಸ ತಿಂತು" ಎಂದೆ. ಮೂರನೆಯ ದಿನ, "ರೆಕ್ಕಿ ಆಡಸಾಕತ್ತೈತಿ" ಎಂದೆ. ದಿನವೂ ಅದೇ "ಹೌದ್ರಿ?" ಹಗಲೆಲ್ಲ ಆ ದಾರಿಯಲ್ಲಿ ಓಡಾಡಿದೆ, ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವವರನ್ನು ಕೇಳಿದೆ. ನನ್ನ ಹೆಂಡತಿ ನರರೋಗದ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ನೂರರಿಂದ ಏಳೇಳು ಕಳೆಯಿರಿ ಎಂದರು, ಕಳೆದೆ. ತಲೆಯ ಸ್ಕ್ಯಾನು ಮಾಡಿಸಿದರು. ಎಲ್ಲ ಸರಿಯಿದೆ ಎಂದರು. ಅದನ್ನು ಕೇಳಿ ಸಮಾಧಾನವಾಗಬೇಕಿತ್ತು, ದಿಗಿಲು ಇನ್ನೂ ಹೆಚ್ಚಾಯಿತು. ಏನಾದರೂ ದೋಷ ಸಿಕ್ಕಿದ್ದರೆ ಅದನ್ನಾದರೂ ಹಿಡಿದುಕೊಳ್ಳಬಹುದಿತ್ತು.

ಆರನೆಯ ದಿನ ಬೆಳಿಗ್ಗೆ, ಏನಾದರಾಗಲಿ ಎಂದು ಕೂಕಟ್‌ಪಲ್ಲಿಗೆ ಹೋದೆ. ಶಾಂತಾಬಾಯಿಯವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಚಪ್ಪಲಿ ಬಿಟ್ಟು ಒಳಗೆ ಬಂದವನೇ, "ಅಕ್ಕಾರ, ನಾ ಸುಳ್ಳ ಹೇಳೀನ್ರಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತರು.

"ಹಂಗಾರ ನನಗ ಹುಚ್ಚ ಹಿಡದಿಲ್ಲ" ಎಂದರು. "ನೀವು ಒಯ್ದ ದಿನಾನ ಅದು ಇಲ್ಲಿಗೆ ಬಂದಿತ್ರಿ. ಹನ್ನೆರಡಕ್ಕ ಇವರಿಗೆ ಗಂಜಿ ಕುಡಸಾಕತ್ತಿದ್ದೆ. ಕಟಾಂಜನದ ಮ್ಯಾಲೆ ಬಂದು ಕುಂತಿತು. ಎಡರೆಕ್ಕ್ಯಾಗ ನಾ ಹಚ್ಚಿದ ಅರಿಶಿನ ಹಂಗೇ ಇತ್ತು. ಇವರು ಬಾಯಿ ಬಿಟ್ಟು, 'ಬಂತು' ಅಂದ್ರು. ಹನ್ನೊಂದು ತಿಂಗಳಿಗೆ ಮೊದಲನೇ ಮಾತು. ನಾ ಚಮಚಾ ಕೆಳಗ ಕೆಡವಿದೆ. ತಲಿ ಎತ್ತೂದ್ರಾಗ ಹಾರಿಹೋಗಿತ್ತು. ಸಂಜಿಗೆ ನಿಮಗ ಫೋನ್ ಮಾಡಿದ್ರ, ದವಾಖಾನ್ಯಾಗೈತಿ ಅಂದ್ರಿ. ಮರುದಿನ ಮಾಂಸ ತಿಂತು ಅಂದ್ರಿ. ನಾ ನೋಡಿದ್ದೇನು, ಇವರು ಅಂದಿದ್ದು ಖರೇನೋ ಸುಳ್ಳೋ ಅಂತ ತಿಳೀದ, ದಿನಾ ನಿಮ್ಮನ್ನ ಕೇಳತಿದ್ದೆ."

ಐದು ದಿನ ಆಕೆಯನ್ನು ನಾನು ಎಂಥ ಸಂಕಟದಲ್ಲಿ ಇಟ್ಟಿದ್ದೆನೆಂದು ಆಗ ಗೊತ್ತಾಯಿತು.

ಅವರೇ ಮುಂದುವರಿದು ಕೇಳಿದರು. "ಹನ್ನೆರಡೂ ಹತ್ತು ಇರಬೇಕ್ರಿ. ಗಂಜಿ ಅರ್ಧ ಆಗಿತ್ತು. ಆ ಹೊತ್ತಿನಾಗ ನಿಮ್ಮ ಡಬ್ಬಿ ಖಾಲಿ ಆಗಿತ್ತೇನ್ರಿ?"

ಹೌದು ಎಂದಿದ್ದರೆ ಆಕೆಗೆ ನೆಮ್ಮದಿಯಾಗುತ್ತಿತ್ತು. ಹೇಗೋ ತಪ್ಪಿಸಿಕೊಂಡು ಮನೆಗೆ ಹಾರಿಬಂತು ಎಂದು ಇಬ್ಬರೂ ಒಪ್ಪಿಕೊಂಡುಬಿಡಬಹುದಿತ್ತು. ನನಗೆ ಮತ್ತೆ ಸುಳ್ಳು ಹೇಳಲಾಗಲಿಲ್ಲ.

"ಇಲ್ರಿ. ಆಗ ನನ್ನ ತೊಡಿ ಮ್ಯಾಲೆ ಕೆರ್ಯಾಕತ್ತಿತ್ತು. ಎದುರಿಗಿದ್ದವರು ನೋಡ್ಯಾರ."

ಶಾಂತಾಬಾಯಿ ಎದ್ದುಹೋಗಿ ಬಾಲ್ಕನಿಯ ಬಾಗಿಲು ಹಾಕಿದರು. ಚಿಲಕವನ್ನೂ ಜಡಿದರು. ಮಂಚದಿಂದ ಮಾಣಿಕರಾಯರು ನೋವಾದವರ ಹಾಗೆ ಒಂದು ದನಿ ತೆಗೆದರು, ಬೆರಳು ಬಾಗಿಲ ಕಡೆಗೆ ಎತ್ತಿದರು. ಆಕೆ ನನ್ನ ಮುಖ ನೋಡಿದರು. ಚಿಲಕ ತೆಗೆದು ಬಾಗಿಲನ್ನು ಮತ್ತೆ ಅಗಲ ಮಾಡಿದರು.

ಮಾಣಿಕರಾಯರು ಆ ಬೇಸಿಗೆಯಲ್ಲಿ ತೀರಿಕೊಂಡರು. ಹದ್ದು ಮತ್ತೆ ಬರಲಿಲ್ಲವಂತೆ, ಅವರೂ ಇನ್ನೊಂದು ಮಾತಾಡಲಿಲ್ಲವಂತೆ. ಓದುಗರಲ್ಲಿ ಯಾರಾದರೂ ಇದಕ್ಕೆ ಕಾರಣ ಕೊಟ್ಟರೆ ಕೇಳುತ್ತೇನೆ. ಬೇರೆ ಹದ್ದು ಬಂದಿರಬಹುದು ಅನ್ನಿ, ನಾನು ತೂಕಡಿಸಿರಬಹುದು ಅನ್ನಿ. ಅವನ್ನೆಲ್ಲ ನಾನೇ ಎಷ್ಟೋ ಸಲ ನನಗೆ ಹೇಳಿಕೊಂಡಿದ್ದೇನೆ. ಒಂದೊಂದೂ ಮೊದಲು ಸರಿಯೆನ್ನಿಸುತ್ತದೆ. ಆಮೇಲೆ ಆ ಟವೆಲ್ಲು ಕಣ್ಣೆದುರಿಗೆ ಬರುತ್ತದೆ. ಪೆಟ್ಟಿಗೆಯೊಳಗೆ ಅದು ಮುದ್ದೆಯಾಗಿ ಬಿದ್ದಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಇಟ್ಟಂತಿತ್ತು.