ಹೂಂ ಅನ್ನುವ ಅಭ್ಯಾಸ

ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಎಂಬುದು ಅಪ್ಪ ಅತ್ತಿಗುಪ್ಪೆಯ ನಮ್ಮ ಬೀದಿ ತುಂಬ ಹಬ್ಬಿಸಿದ್ದ ಸುಳ್ಳು. ಬ್ಯಾಂಕಿನ ಪತ್ರ, ಗ್ಯಾಸ್ ಕಂಪನಿಯ ಫೋನು, ಏನೇ ಬರಲಿ, "ಮಗಳನ್ನ ಕರೀರಿ" ಅನ್ನುತ್ತಿದ್ದರು. ನನಗೆ ಬರುತ್ತಿದ್ದುದು ಅರ್ಧಂಬರ್ಧ. ಅದರಲ್ಲೂ ಎರಡೆರಡು ಪದ ಅಂಟಿಕೊಂಡ ಕ್ರಿಯಾಪದಗಳು ನನ್ನ ಪ್ರಾಣ ತಿನ್ನುತ್ತಿದ್ದವು. ಗಿವ್ ಗೊತ್ತು, ಅಪ್ ಗೊತ್ತು. ಹಾಗಾದರೆ ‘ಗಿವ್ ಅಪ್’ ಅಂದರೆ ಮೇಲಕ್ಕೆ ಕೊಡುವುದೇ? ಯಾರನ್ನಾದರೂ ಕೇಳೋಣವೆಂದರೆ ಮರ್ಯಾದೆ ಪ್ರಶ್ನೆ. ಹೇಳುವವರ ಮುಖ, ಕೈ, ಹಿಂದಿನ ಮಾತು, ಮುಂದಿನ ಮಾತು ನೋಡಿ ಅಂದಾಜು ಕಟ್ಟುತ್ತಿದ್ದೆ. ಅದೂ ಆಗದಿದ್ದರೆ ಜೋರಾಗಿ ತಲೆಯಾಡಿಸಿ ಹೂಂ ಅನ್ನುತ್ತಿದ್ದೆ. ಹೇಗೋ ನಡೆದುಹೋಗುತ್ತಿತ್ತು.

ಹೋದ ವರ್ಷ ಅಪ್ಪ ಬಚ್ಚಲಲ್ಲಿ ಕುಸಿದು ಬಿದ್ದರು. ತಲೆಯೊಳಗೆ ರಕ್ತಸ್ರಾವ. ಮೈಸೂರು ರಸ್ತೆಯ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಮೂರು ದಿನ ಕಳೆದವು. ನಾಲ್ಕನೆಯ ಬೆಳಿಗ್ಗೆ ಡಾಕ್ಟರು ಹೊರಗೆ ಬಂದರು. ಹೊಸಬರು, ಕನ್ನಡ ಬಾರದವರು. ಚಿಕ್ಕಪ್ಪ ನನ್ನ ಬೆನ್ನಿಗೆ ಕೈಹಾಕಿ ಮುಂದೆ ದಬ್ಬಿದರು.

"ನೀನು ಹೋಗಮ್ಮ, ನಿನಗೆ ಅರ್ಥ ಆಗುತ್ತೆ."

ಅಮ್ಮ ನನ್ನ ಪಕ್ಕಕ್ಕೆ ಬಂದು ನಿಂತಳು. ಡಾಕ್ಟರು ತಗ್ಗಿದ ದನಿಯಲ್ಲಿ ಒಂದೇ ಸಮ ಹೇಳುತ್ತಾ ಹೋದರು. ಒಂದೊಂದು ಪದವನ್ನೂ ಹಿಡಿಯಲು ಒದ್ದಾಡುತ್ತಿದ್ದೆ. ಕೊನೆಗೆ, "ಹಿ ಮೇ ನಾಟ್ ಪುಲ್ ಥ್ರೂ" ಅಂದರು. ಆ ಮಾತನ್ನು ಅದುವರೆಗೆ ಕೇಳಿರಲಿಲ್ಲ. ಆದರೆ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಒಳಗಿನಿಂದ ಬಂದ ನರ್ಸು ಅಮ್ಮನನ್ನು ನೋಡಿ ತಲೆ ತಗ್ಗಿಸಿದಳು. ಥೂ, ಹಾಳಾದ್ದು, ಜೀವನದಲ್ಲಿ ಮೊದಲ ಸಲ ನನಗೆ ಎಲ್ಲವೂ ಅರ್ಥವಾಯಿತು.

"ಅಂಡರ್‌ಸ್ಟ್ಯಾಂಡ್?" ಡಾಕ್ಟರು ಕೇಳಿದರು.

"ನೋ ಸಾರ್."

ಪಾಪ, ಇನ್ನೊಂದು ಸಲ ನಿಧಾನವಾಗಿ ಹೇಳಿದರು. ಮತ್ತೆ ನೋ ಅಂದೆ. ನಾನು ಹೂಂ ಅಂದುಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ಚಿಕ್ಕಪ್ಪ ರೇಗಿದರು. "ಅಯ್ಯೋ, ಇಷ್ಟು ಓದಿಸಿದ್ದು ಇದಕ್ಕೇನಾ? ಇರು, ಕನ್ನಡ ಬರೋರನ್ನ ಯಾರನ್ನಾದ್ರೂ ಕರೀತೀನಿ."

ಅಮ್ಮ ಅವರ ತೋಳು ಹಿಡಿದು ನಿಲ್ಲಿಸಿದಳು.

"ಬೇಡಪ್ಪಾ. ಅರ್ಥ ಆಗದೇ ಇದ್ದಾಗ ಇವಳು ಹೂಂ ಅಂತಾಳೆ. ನಂಗೊತ್ತಿಲ್ವಾ?" ಆಮೇಲೆ ನನ್ನ ಕಡೆ ತಿರುಗಿದಳು. "ಒಳಗೆ ಹೋಗಿ ಒಂದು ಸಲ ಅವರ ಕೈ ಹಿಡ್ಕೋಬೋದಾ? ಅಷ್ಟು ಕೇಳು ಪುಟ್ಟಾ."