ತಮ್ಮನ ಪಾಲಿನ ತಟ್ಟೆ

ಬಿಕ್ಕೋಡಿನಾಚೆಯ ಬೆನೆಡಿಕ್ಟಿನ್ ಮಠದಲ್ಲಿ ಸನ್ಯಾಸಿಯಾಗಿದ್ದ ತಮ್ಮ ಸತ್ತನೆಂದು ಫೋನ್ ಬಂತು. ಮುಖ ನೋಡೋಣವೆಂದು ಬಾಣಾವರದಿಂದ ಬಸ್ಸು ಹಿಡಿದೆ. ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

ಊಟದ ಮನೆಯ ಬಾಗಿಲಲ್ಲಿ ಕೂತೆ. ಒಳಗೆ ಸನ್ಯಾಸ ಕಲಿಯಲು ಬಂದ ಒಬ್ಬ ಹುಡುಗ ಧರ್ಮಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಮಾತಿಲ್ಲದೆ ಉಣ್ಣುತ್ತಿದ್ದರು. ತಮ್ಮನ ಜಾಗದಲ್ಲಿ ಒಂದು ಶಿಲುಬೆ ಇಟ್ಟು, ತಟ್ಟೆಗೆ ಅನ್ನ, ಸಾರು ಬಡಿಸಿದ್ದರು.

ಊಟ ಮುಗಿಸಿ ಹೊರಬಂದ ಒಬ್ಬ ಸನ್ಯಾಸಿಯನ್ನು ಕೇಳಿದೆ. "ಸತ್ತೋನು ಬಂದು ಉಣ್ತಾನಾ ಸ್ವಾಮಿ?"

"ಇಲ್ಲ ಅಜ್ಜಿ. ಒಂದು ತಿಂಗಳು ಅವರ ಪಾಲು ಬಡಿಸಿ, ಗೇಟಿಗೆ ಬಂದ ಬಡವರಿಗೆ ಕೊಡ್ತೀವಿ. ಇಲ್ಲಿಯ ಪದ್ಧತಿ."

"ನಾನೇನು ಸಾವ್ಕಾರ್ತಿನಾ? ಇತ್ಲಾಗೆ ತನ್ನಿ."

ತಂದುಕೊಟ್ಟರು. ಚಿಕ್ಕಂದಿನಲ್ಲಿ ನನ್ನ ತಟ್ಟೆಗೆ ಕೈ ಹಾಕಿ ತಿನ್ನುತ್ತಿದ್ದವನು ಅವನು. ಸಾರು ತಣ್ಣಗಾಗಿತ್ತು, ಉಪ್ಪೂ ಸಾಲದು. ಒಂದು ಅಗುಳೂ ಬಿಡದೆ ಉಂಡೆ.